ಹಲೋ ಅಕ್ಕನ ನಾಲ್ಕು ಗಂಟೆಯ ಗುಂಪು

ನಮ್ಮ ಆಸ್ಪತ್ರೆಯಲ್ಲಿ ಹಲೋ ಅಕ್ಕನ ಮುಖ ನೋಡಿದವರಿಗಿಂತ ದನಿ ಕೇಳಿದವರೇ ಹೆಚ್ಚು. ಇಪ್ಪತ್ತೇಳು ವರ್ಷ ಅವರು ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಆಸ್ಪತ್ರೆಗೆ ಬರುವ ಫೋನುಗಳನ್ನೆಲ್ಲ ಎತ್ತಿ, ವಾರ್ಡಿಗೋ ಔಷಧ ಕೌಂಟರಿಗೋ ಡಾಕ್ಟರ ಮನೆಗೋ ಜೋಡಿಸುತ್ತಿದ್ದರು. ಅವರು 'ಹಲೋ' ಎನ್ನುವುದರಲ್ಲೇ ಒಂದು ಬಗೆಯಿತ್ತು. 'ಲೋ'ವನ್ನು ಸ್ವಲ್ಪ ಎಳೆದು ಕೊನೆಯಲ್ಲಿ ಮೇಲಕ್ಕೆತ್ತುತ್ತಿದ್ದರು. ಆ ಕಡೆ ಯಾರೇ ಇರಲಿ, ಅವರ ಫೋನಿಗಾಗಿಯೇ ಬೆಳಗಿನಿಂದ ಕಾದು ಕೂತಿದ್ದೆ ಎನ್ನುವ ಹಾಗೆ ಕೇಳಿಸುತ್ತಿತ್ತು. ಅಡ್ಡಹೆಸರು ಹೇಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಮುಖ್ಯ ವೈದ್ಯರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಹಲೋ ಅಕ್ಕ.

ಆಮೇಲೆ ಯಂತ್ರ ಬಂತು. 'ಹೊರರೋಗಿ ವಿಭಾಗಕ್ಕೆ ಒಂದನ್ನು ಒತ್ತಿ, ಒಳರೋಗಿಗಳ ವಿಚಾರಣೆಗೆ ಎರಡನ್ನು ಒತ್ತಿ' ಎಂದು ಯಾವುದೋ ಊರಿನ ಹೆಣ್ಣುದನಿ ಹೇಳತೊಡಗಿತು. ಮೆಟ್ಟಿಲ ಕೆಳಗಿನ ಕೋಣೆಗೆ ಗಾಲಿಕುರ್ಚಿಗಳನ್ನು ತುಂಬಿದರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಬಾಕಿಯಿದ್ದ ಅಕ್ಕನನ್ನು ಎಲ್ಲಿಗೆ ಹಾಕುವುದೆಂದು ತಿಳಿಯದೆ ಸಂಶೋಧನಾ ವಿಭಾಗಕ್ಕೆ, ಅಂದರೆ ನಮ್ಮ ಕೋಣೆಗೆ, ಕಳಿಸಿದರು. ಅಲ್ಲಿ ನಾನು ಟೈಪಿಸ್ಟ್. ರೆಕಾರ್ಡ್ ಮಾಡಿದ ಮಾತನ್ನು ಕೇಳಿ ಅಕ್ಷರಕ್ಕಿಳಿಸುವುದು ನನ್ನ ಕೆಲಸ. ಹಾಗಾಗಿ ಮುಂದೆ ನಡೆದದ್ದೆಲ್ಲ ನನ್ನ ಕಿವಿಯ ಮೂಲಕವೇ ಹಾದುಹೋಗಿದೆ. ಗುಂಪಿನವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಐದು ತಿಂಗಳು ಅಕ್ಕನಿಗೆ ಕೆಲಸವೇ ಇರಲಿಲ್ಲ. ಗುಂಡುಪಿನ್ನುಗಳನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾಕಿದರು. ಕಿಟಕಿಯಲ್ಲಿದ್ದ ಗಿಡಕ್ಕೆ ದಿನಕ್ಕೆ ಮೂರು ಸಲ ನೀರು ಹಾಕಿ ಬೇರು ಕೊಳೆಸಿದರು. ಒಂದು ದಿನ ನನ್ನ ಮೇಜಿನ ಫೋನು ಹೊಡೆದುಕೊಂಡಾಗ ನಾನು ಕೈ ಚಾಚುವ ಮೊದಲೇ ಅವರ ಕೈ ಅಲ್ಲಿತ್ತು. ಬಂದಿದ್ದು ರಾಂಗ್ ನಂಬರು. ಆದರೂ ಆ ಮನುಷ್ಯನಿಗೆ ಬೇಕಾಗಿದ್ದ ನೀರಿನ ಪಂಪು ರಿಪೇರಿ ಅಂಗಡಿ ಯಾವ ರಸ್ತೆಯಲ್ಲಿದೆ, ಯಾವ ತಿರುವಿನಲ್ಲಿ ಎಡಕ್ಕೆ ಹೋಗಬೇಕು ಎಂದೆಲ್ಲ ವಿವರಿಸಿ ಫೋನು ಇಟ್ಟರು. ಇಟ್ಟಮೇಲೆ ಮುಖ ಅರಳಿತ್ತು.

ಅದೇ ಹೊತ್ತಿಗೆ ನಮ್ಮ ಮನೋರೋಗ ವಿಭಾಗದ ಡಾಕ್ಟರಮ್ಮ ಒಂದು ಅಧ್ಯಯನ ಶುರು ಮಾಡಿದರು. ಫೋನು, ಕಂಪ್ಯೂಟರು ಬಿಡಲಾರದವರು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ, ನಿಲ್ಲಿಸಲು ಹೋದಾಗ ಏನಾಗುತ್ತದೆ ಎಂದು ಅವರ ಬಾಯಿಂದಲೇ ಕೇಳಿ ತಿಳಿಯುವುದು ಅದರ ಉದ್ದೇಶ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೆ ಎಲ್ಲರೂ ಸಭ್ಯರಾಗಿಬಿಡುತ್ತಾರೆ, ತಮ್ಮಂಥವರ ನಡುವೆ ಕೂತರೆ ಮಾತು ಬರುತ್ತದೆ ಎಂದು ಅವರ ಲೆಕ್ಕ. ಮೊದಲು ಆಸ್ಪತ್ರೆಯ ಹಾಲ್‌ನಲ್ಲಿ ಹತ್ತು ಕುರ್ಚಿ ಹಾಕಿಸಿದರು. ಇಬ್ಬರು ಬಂದರು. ಅವರಲ್ಲೊಬ್ಬರು ಕಣ್ಣಿನ ಪರೀಕ್ಷೆಗೆ ಬಂದು ದಾರಿ ತಪ್ಪಿದವರು. ಕೊನೆಗೆ ಗುಂಪನ್ನೂ ಇಂಟರ್ನೆಟ್ಟಿನಲ್ಲೇ ಕೂಡಿಸುವುದೆಂದು ತೀರ್ಮಾನವಾಯಿತು.

ನಮ್ಮ ಸ್ಟೋರ್‌ಕೀಪರಿಗೆ ಇದನ್ನು ಕೇಳಿ ನಗು ತಡೆಯಲಾಗಲಿಲ್ಲ. "ಕುಡುಕರನ್ನ ತಿದ್ದೋ ಸಭೇನ ಹೆಂಡದಂಗಡೀಲೇ ಇಟ್ಟ ಹಾಗಾಯ್ತಲ್ಲ ಡಾಕ್ಟ್ರೇ?"

"ತಿದ್ದೋದಲ್ಲ, ಕೇಳೋದು. ಅವರು ಎಲ್ಲಿರ್ತಾರೋ ಅಲ್ಲಿಗೆ ತಾನೇ ಹೋಗಿ ಕೇಳ್ಬೇಕು?" ಎಂದರು ಡಾಕ್ಟರಮ್ಮ.

ಆರು ಜನ ಸಿಕ್ಕರು. ವಾರಕ್ಕೊಮ್ಮೆ, ಮಂಗಳವಾರ ಸಂಜೆ ನಾಲ್ಕು ಗಂಟೆಗೆ ಸೇರುವುದು, ಎಂಟು ವಾರ, ಕ್ಯಾಮೆರಾ ಇಲ್ಲ, ದನಿ ಮಾತ್ರ, ನಿಜವಾದ ಹೆಸರೂ ಇಲ್ಲ, ಅವರೇ ಇಟ್ಟುಕೊಂಡ ಅಡ್ಡಹೆಸರು. ಗುಡುಗು ಎನ್ನುವವರು ಕ್ರೇನ್ ಓಡಿಸುವವರು, ಸಿಕ್ಕಸಿಕ್ಕ ಸುದ್ದಿಯ ಕೆಳಗೆಲ್ಲ ಗುರುತಿಲ್ಲದವರ ಜೊತೆ ಜಗಳ ಆಡುವವರು. ಮೋಡ ಎನ್ನುವವರು ನಿವೃತ್ತ ಸ್ಟೇಷನ್ ಮಾಸ್ಟರು. ತಾವು ಕಾಲಿಡದ, ಇಡುವ ಸಂಭವವೂ ಇಲ್ಲದ ನಲವತ್ತು ಊರುಗಳ ಹವಾಮಾನವನ್ನು ಗಂಟೆಗೊಮ್ಮೆ ನೋಡುವವರು. ಬ್ರಷ್ ಎನ್ನುವವರು ಹಲ್ಲಿನ ಡಾಕ್ಟರು. ಕೊಳಕು ಕಾರ್ಪೆಟ್ ತೊಳೆಯುವ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡುವವರು. ಬುಟ್ಟಿ ಎನ್ನುವವರು ಗಣಿತದ ಟೀಚರು. ಆನ್‌ಲೈನ್ ಅಂಗಡಿಯ ಬುಟ್ಟಿ ತುಂಬಿಸುತ್ತಲೇ ಇರುತ್ತಾರೆ, ಏನನ್ನೂ ಕೊಳ್ಳುವುದಿಲ್ಲ. ಉಳಿದಿಬ್ಬರು ಹೆಚ್ಚು ಮಾತಾಡದವರು. ಅವರ ಪಾಡಿಗೆ ಅವರನ್ನು ಬಿಡೋಣ.

ಗುಂಪಿನವರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟುಕೊಳ್ಳಲು ಒಂದು ಬಟನ್ ಒತ್ತಬೇಕಿತ್ತು. ಆ ಕೆಲಸವನ್ನು ಅಕ್ಕನಿಗೆ ಕೊಟ್ಟರು.

ಮೊದಲ ಎರಡು ಮಂಗಳವಾರ ನೀರಸವೆಂದರೆ ನೀರಸ. ಡಾಕ್ಟರಮ್ಮ ಒಳ್ಳೆಯವರು, ಆದರೆ ಮೈಕಿನ ಮುಂದೆ ಅವರ ದನಿ ಸರ್ಕಾರಿ ಅರ್ಜಿಯ ದನಿ. ಮುಂದಿಟ್ಟುಕೊಂಡ ಹಾಳೆಯಿಂದ "ನೀವು ದಿನಕ್ಕೆ ಸರಾಸರಿ ಎಷ್ಟು ಗಂಟೆ ಬಳಸುತ್ತೀರಿ?" ಎಂದು ಓದುವರು. ಆ ಕಡೆಯಿಂದ "ಎರಡು", "ಒಂದೂವರೆ", "ಹೆಚ್ಚೇನಿಲ್ಲ" ಎಂದು ಉತ್ತರ. ಎಲ್ಲರೂ ಹಸಿ ಸುಳ್ಳು ಹೇಳುತ್ತಿದ್ದಾರೆಂದು ನನಗೂ ಗೊತ್ತಾಗುತ್ತಿತ್ತು. ಆ ದಿನಗಳ ಟೈಪಿಂಗ್ ಎರಡು ಪುಟಕ್ಕೇ ಮುಗಿಯಿತು. ಅದರಲ್ಲೂ ಅರ್ಧ 'ಕೇಳಿಸ್ತಿದೆಯಾ?', 'ಕೇಳಿಸ್ತಿದೆ'.

ಮೂರನೇ ಮಂಗಳವಾರ, ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ವಾರ್ಡಿನಿಂದ ತುರ್ತು ಕರೆ ಬಂತು. ಡಾಕ್ಟರಮ್ಮ ಎದ್ದು, "ಅಕ್ಕಾ, ಯಾರೂ ಬಿಟ್ಟುಹೋಗದ ಹಾಗೆ ಸ್ವಲ್ಪ ನೋಡ್ಕೊಳ್ಳಿ, ಬಂದೆ" ಎಂದು ಓಡಿದರು.

ಅಕ್ಕ ಹೆಡ್‌ಫೋನ್ ಹಾಕಿಕೊಂಡರು. ಅವರ ಬೆನ್ನು ತಾನಾಗಿ ನೆಟ್ಟಗಾದದ್ದನ್ನು ನಾನು ಕಂಡೆ.

"ಹಲೋ. ಡಾಕ್ಟರಮ್ಮ ವಾರ್ಡಿಗೆ ಹೋಗಿದ್ದಾರೆ, ಈಗ ಬರ್ತಾರೆ. ಎಲ್ಲರೂ ಲೈನ್‌ನಲ್ಲೇ ಇರಿ" ಎಂದರು. ಕಾಯುವವರನ್ನು ಮೌನದಲ್ಲಿ ಬಿಡುವುದು ಅಕ್ಕನ ಜಾಯಮಾನದಲ್ಲೇ ಇಲ್ಲ. "ಎಲ್ಲರೂ ಆರಾಮಾಗಿ ಕೂತಿದ್ದೀರಿ ತಾನೇ? ಹಾಗೇ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಂದು ಕೈ ಕಂಪ್ಯೂಟರ್ ಮೇಲಿದೆ. ಇನ್ನೊಂದು ಕೈ ಎಲ್ಲಿದೆ?"

ಆಮೇಲೆ ಒಂದು ತೆಳು ದನಿ, "ಅಯ್ಯೋ" ಎಂದಿತು. ಅದು ಗುಡುಗು. "ಫೋನಲ್ಲಿದೆ ಮೇಡಮ್. ಒಬ್ಬನಿಗೆ ಉತ್ತರ ಬರೀತಾ ಇದ್ದೆ."

"ನಂದೂ ಫೋನಲ್ಲೇ," ಎಂದರು ಮೋಡ. "ಎಲ್ಲೋ ಒಂದೂರಲ್ಲಿ ಆಲಿಕಲ್ಲು ಬೀಳೋ ಸೂಚನೆ ಇತ್ತು, ಬಿತ್ತೋ ಇಲ್ವೋ ಅಂತ..."

"ನಾನು ಕಾರ್ಪೆಟ್ ನೋಡ್ತಿದ್ದೆ. ದನಿ ಬಂದ್ ಮಾಡಿ," ಎಂದರು ಬ್ರಷ್.

ಬುಟ್ಟಿ ಕಿಸಕ್ಕನೆ ನಕ್ಕರು. "ನಾನು ಈಗಷ್ಟೇ ಎಂಟು ಜನ ಕೂರೋ ಊಟದ ಮೇಜು ಹಾಕ್ಕೊಂಡೆ. ನಮ್ಮನೇಲಿ ನಾವಿಬ್ಬರೇ ಇರೋದು!"

"ಮೋಡ ಒಂದು ಕಡೆ, ಗುಡುಗು ಒಂದು ಕಡೆ. ಇನ್ನು ಮಳೆ ಬರೋದೊಂದೇ ಬಾಕಿ," ಎಂದರು ಅಕ್ಕ. ಎಲ್ಲರೂ ಗೊಳ್ಳೆಂದರು. ಆ ನಗು ನಿಲ್ಲುವಷ್ಟರಲ್ಲಿ ಬಾಯಿಗೆ ಹಾಕಿಕೊಂಡಿದ್ದ ಬೀಗಗಳೆಲ್ಲ ಬಿದ್ದುಹೋಗಿದ್ದವು. ಬ್ರಷ್ ತಮ್ಮ ಮನೆಯ ಬಾಗಿಲಲ್ಲಿರುವ ಕಾಲೊರಸು ತೊಳೆದು ಎರಡು ವರ್ಷವಾಯಿತೆಂದು ಒಪ್ಪಿಕೊಂಡರು. ದಿನಕ್ಕೆ ಒಂದೂವರೆ ಗಂಟೆ ಎಂದಿದ್ದವರು ಆರು ಎಂದರು. ಮುಕ್ಕಾಲು ಗಂಟೆ ಕಳೆದು ಡಾಕ್ಟರಮ್ಮ ಏದುಸಿರು ಬಿಡುತ್ತ ಬಂದು ಬಾಗಿಲಲ್ಲೇ ನಿಂತರು. ಕೈಯಲ್ಲಿದ್ದ ಪ್ರಶ್ನೆಗಳ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡು, ಅಕ್ಕನಿಗೆ ಕೈಸನ್ನೆ ಮಾಡಿದರು: ನೀವೇ ಮುಂದುವರಿಸಿ.

ಆವತ್ತಿನ ಟೈಪಿಂಗ್ ಮೂವತ್ತೊಂದು ಪುಟ ಆಯಿತು. ನನ್ನ ಬೆರಳು ಬಿದ್ದುಹೋದರೂ ಬೇಸರವಾಗಲಿಲ್ಲ.

ಮುಂದಿನ ವಾರದಿಂದ ಗುಂಪು ನಡೆಸುವುದು ಅಕ್ಕನ ಕೆಲಸವಾಯಿತು. ಅವರಿಗೆ ತಿಳುವಳಿಕೆ ಕೊಡಬೇಕಾದಲ್ಲಿ ಡಾಕ್ಟರಮ್ಮ ಕೊಟ್ಟರು: ಉಪದೇಶ ಮಾಡಬಾರದು, ಯಾರನ್ನೂ ಒತ್ತಾಯಿಸಬಾರದು, ಒಬ್ಬರೇ ಮಾತಾಡುತ್ತಿದ್ದರೆ ಇನ್ನೊಬ್ಬರಿಗೆ ದಾರಿ ಮಾಡಿಕೊಡಬೇಕು. ಒಂದು ಸಾಲಿನಲ್ಲಿ ಒಬ್ಬರನ್ನು ಕಾಯಿಸಿ ಇನ್ನೊಬ್ಬರನ್ನು ಜೋಡಿಸುವುದು ಅಕ್ಕನಿಗೆ ಹೊಸ ವಿದ್ಯೆಯೇ? ಬುಟ್ಟಿ ಟೀಚರಿಂದ ಒಂದು ಮಾತು ಹೊರಬಂತು. ಅದು ಡಾಕ್ಟರಮ್ಮನ ವರದಿಯಲ್ಲಿ ಹಾಗೆಯೇ ಸೇರಿದೆ. "ತುಂಬಿಸೋದಲ್ಲ ಅಕ್ಕಾ ಮಜಾ. ಎಲ್ಲ ತುಂಬಿಸಿ, ಆಮೇಲೆ ಒಂದೊಂದಾಗಿ ತೆಗೀತೀನಲ್ಲ, ಅದು. ಇದು ಬೇಡ, ಇದೂ ಬೇಡ ಅಂತ. ಇಡೀ ದಿನದಲ್ಲಿ ನಾನು ಬೇಡ ಅನ್ನೋದು ಅಲ್ಲಿ ಮಾತ್ರ."

ವಾರದ ನಡುವೆ ಏನಾದರೂ ತೋಚಿದರೆ ಬರೆದಿಡಲು ಗುಂಪಿನವರಿಗೆ ಒಂದು ಪುಟ ಮಾಡಿಕೊಟ್ಟಿದ್ದರು. ಬೋರ್ಡ್ ಎಂದು ಕರೆಯುತ್ತಿದ್ದೆವು. ಅದನ್ನು ದಿನಕ್ಕೊಮ್ಮೆ ನೋಡಿ ಉತ್ತರಿಸುವುದು ಅಕ್ಕನ ಪಾಲಿಗೆ ಬಂತು. ಎಡವಟ್ಟಾದದ್ದು ಅಲ್ಲಿ.

ಅಕ್ಕನ ಯಜಮಾನರು ಬೇಕರಿ ನಡೆಸುತ್ತಾರೆ. ಮನೆಯ ಮುಂಭಾಗವೇ ಬೇಕರಿ, ಹಿಂದೆ ಎರಡು ಕೋಣೆ, ಅಡುಗೆಮನೆ. ಮನೆಯಲ್ಲಿ ಇವರಿಬ್ಬರ ಜೊತೆ ಅತ್ತೆ. ಅತ್ತೆಯ ನಾಲಗೆ ಎಂಬತ್ತರಲ್ಲೂ ಚುರುಕು. ಆ ದಿನಗಳಲ್ಲಿ ಅವರು ಒಮ್ಮೆ ಸೊಸೆಗೆ ಊಟದ ಡಬ್ಬಿ ಕೊಡಲು ನಮ್ಮ ಕೋಣೆಗೇ ಬಂದರು. ಅಕ್ಕ ಡಬ್ಬಿ ಮರೆತು ಬಂದದ್ದು ಆ ವಾರ ಮೂರನೇ ಸಲವಂತೆ.

"ನೋಡಪ್ಪಾ," ಎಂದು ನನ್ನ ಮುಂದೆಯೇ ದೂರು ಶುರು ಮಾಡಿದರು, "ನಿನ್ನೆ ಒಲೆ ಮೇಲೆ ಹಾಲು ಉಕ್ಕಿ ನೆಲಕ್ಕೆಲ್ಲ ಹರೀತು. ಇವಳು ಪಕ್ಕದಲ್ಲೇ ನಿಂತು 'ಹೌದಾ, ಆಮೇಲೆ?' ಅಂತ ಫೋನಿಗೆ ಕುಟ್ತಾ ಇದ್ದಾಳೆ. ನನ್ನ ಮಗ ಮೂರು ಸಲ ಕರೆದ. ಕೊನೆಗೆ ಅವನೇ 'ಹಲೋ' ಅಂದ. ಆಗ ತಿರುಗಿದ್ಲು!"

"ಅತ್ತೇ, ಆಫೀಸು ಕೆಲಸ ಅದು," ಎಂದರು ಅಕ್ಕ ಮುಖ ಕೆಂಪಗೆ ಮಾಡಿಕೊಂಡು.

"ಹಾಲು ಉಕ್ಕಿಸೋ ಆಫೀಸು ಯಾವುದಮ್ಮಾ?"

ನಾವೆಲ್ಲ ನಕ್ಕು ಮರೆತೆವು. ಐದನೇ ವಾರ ಮುಗಿದ ಮೇಲೆ ಡಾಕ್ಟರಮ್ಮ ಒಂದು ನಕ್ಷೆ ತೆಗೆದರು. ಬೋರ್ಡನ್ನು ದಿನಕ್ಕೆ ಯಾರು ಎಷ್ಟು ಸಲ ತೆರೆದಿದ್ದಾರೆ ಎಂಬ ಪಟ್ಟಿ. ಗುಡುಗು ಒಂಬತ್ತು ಸಲ. ಬ್ರಷ್ ಹದಿನಾಲ್ಕು. ಮೋಡ ಹದಿನೇಳು. ಅವೆಲ್ಲದರ ಪಕ್ಕದಲ್ಲಿ ಒಂದು ಗೆರೆ ಹಾಳೆಯ ತುದಿ ಮುಟ್ಟಿ ನಿಂತಿತ್ತು. ಅರವತ್ತಮೂರು.

ಡಾಕ್ಟರಮ್ಮ ಅದನ್ನು ನೋಡಿ, ಅಕ್ಕನನ್ನು ನೋಡಿ, ಮತ್ತೆ ಹಾಳೆ ನೋಡಿದರು. "ಎಲ್ಲೋ ತಪ್ಪಾಗಿರ್ಬೇಕು. ಮತ್ತೆ ತೆಗೆಸ್ತೀನಿ" ಎಂದರು.

"ತಪ್ಪೇನಿಲ್ಲ. ಅದು ನಾನೇ" ಎಂದರು ಅಕ್ಕ.

ಎದ್ದು ಹೋಗಿ ನೀರು ಕುಡಿದು ಬಂದರು. ಅಕ್ಕ ಸುಮ್ಮನಿದ್ದರೆ ನಮ್ಮ ಕೋಣೆಯಲ್ಲಿ ಫ್ಯಾನಿನ ಸದ್ದು ಅಷ್ಟೊಂದು ಜೋರು ಎಂದು ನನಗೆ ಆವತ್ತೇ ತಿಳಿದದ್ದು. ಮನೆಗೆ ಹೊರಡುವ ಹೊತ್ತಿಗೆ ಅವರು ಡಾಕ್ಟರಮ್ಮನ ಮೇಜಿನ ಮುಂದೆ ನಿಂತರು.

"ಡಾಕ್ಟರಮ್ಮಾ, ಇನ್ನೊಂದು ಆಸ್ಪತ್ರೇಲೂ ಇಂಥದೇ ಗುಂಪು ಶುರುವಾಗ್ತಿದೆ ಅಂದ್ರಲ್ಲ. ಅಲ್ಲಿಗೆ ನನ್ನ ಸೇರಿಸಿ. ನಡೆಸೋಕಲ್ಲ. ಆ ಕಡೆ ಕೂರೋಕೆ."

"ಅಕ್ಕಾ, ನಿಮಗೇನೂ ಆಗಿಲ್ಲ..."

"ಆಗಿದೆಯೋ ಇಲ್ವೋ ಅಲ್ಲೇ ಗೊತ್ತಾಗ್ಲಿ."

ನಮ್ಮ ಕೋಣೆಯ ಪಕ್ಕದ ಖಾಲಿ ಕೋಣೆಯಲ್ಲಿ ಕೂತು ಅವರು ಆ ಗುಂಪಿಗೆ ಸೇರಿದರು. ಅಡ್ಡಹೆಸರು ಕೇಳಿದಾಗ 'ಅರವತ್ತಮೂರು' ಎಂದೇ ಬರೆಸಿದರು. ಮೊದಲ ದಿನ ಮುಗಿಸಿ ಹೊರಗೆ ಬಂದಾಗ ಅವರ ಹಣೆ ಬೆವೆತಿತ್ತು.

"ಹೇಗಾಯ್ತು ಅಕ್ಕಾ?" ಎಂದೆ.

"ಬಾಯೇ ಬರ್ಲಿಲ್ಲ ಕಣಪ್ಪ. ಇಪ್ಪತ್ತೇಳು ವರ್ಷ ಮಾತಾಡಿದ ಬಾಯಿ ಇದು! ಮೈಕ್ ಬಟನ್ ಒತ್ತೋಕೆ ಕೈ ಹೋಗುತ್ತೆ, ಬರುತ್ತೆ, ಹೋಗುತ್ತೆ, ಬರುತ್ತೆ. ನಮ್ಮ ಗುಡುಗು, ನಮ್ಮ ಟೀಚರು ಎಷ್ಟು ಧೈರ್ಯಸ್ಥರು ಅಂತ ಈಗ ಗೊತ್ತಾಯ್ತು."

ಎರಡನೇ ಸಲ ಮಾತಾಡಿದರಂತೆ. ಏನು ಹೇಳಿದರೆಂದು ನನಗೆ ತಾವಾಗಿಯೇ ಹೇಳಿದರು. ಯಂತ್ರ ಬಂದ ದಿನದಿಂದ ಯಾರೂ ತಮಗಾಗಿ ಕಾಯುತ್ತಿಲ್ಲ ಅನ್ನಿಸುತ್ತಿತ್ತು. ಬೋರ್ಡ್ ತೆರೆದಾಗ ಅಲ್ಲೊಂದು ಹೊಸ ಸಾಲು ಕಂಡರೆ, ಎದೆಯಲ್ಲಿ ಹಳೆಯ ಗಂಟೆ ಬಾರಿಸಿದಂತೆ ಆಗುತ್ತಿತ್ತು. ಹೊಸ ಸಾಲು ಇಲ್ಲದಿದ್ದರೆ, ಬಂದಿರಬಹುದೇನೋ ಎಂದು ಐದು ನಿಮಿಷ ಬಿಟ್ಟು ಇನ್ನೊಂದು ಸಲ. ಅರವತ್ತಮೂರರಲ್ಲಿ ಐವತ್ತು ಸಲ ಅಲ್ಲಿ ಏನೂ ಇರುತ್ತಿರಲಿಲ್ಲ. "ಇಲ್ಲದ್ದನ್ನ ನೋಡೋಕೇ ಜಾಸ್ತಿ ಸಲ ಹೋಗಿದ್ದೀನಿ, ನೋಡು" ಎಂದು ತಮಗೆ ತಾವೇ ಆಶ್ಚರ್ಯಪಟ್ಟರು.

ಇದನ್ನು ತಮ್ಮ ಗುಂಪಿಗೂ ಹೇಳಲೇಬೇಕೆಂದು ಹಟ ಹಿಡಿದರು. ಡಾಕ್ಟರಮ್ಮ ಎರಡು ದಿನ ಯೋಚಿಸಿ, ಮೇಲಿನವರನ್ನು ಕೇಳಿ, ಒಪ್ಪಿದರು. ಏಳನೇ ಮಂಗಳವಾರ ನಾಲ್ಕು ಗಂಟೆಗೆ ಅಕ್ಕ ಸುತ್ತಿ ಬಳಸದೆ ಹೇಳಿದರು: "ಇವತ್ತು ಮೊದಲು ನನ್ನ ಸಂಗತಿ. ಬೋರ್ಡನ್ನ ದಿನಕ್ಕೆ ಒಂದು ಸಲ ನೋಡಿ ಅಂತ ನನಗೆ ಹೇಳಿದ್ರು. ನಾನು ಅರವತ್ತಮೂರು ಸಲ ನೋಡಿದ್ದೀನಿ."

ಗುಡುಗಿನ ತೆಳು ದನಿ ಚಾವಣಿ ಮುಟ್ಟಿತು. "ಅಕ್ಕಾ! ನೀವು ನಮ್ಮೋರೇ!"

"ಅರವತ್ತಮೂರಾ?" ಎಂದರು ಮೋಡ, ಹೊಟ್ಟೆಕಿಚ್ಚಿನ ದನಿಯಲ್ಲಿ. "ನನ್ನ ಹವಾಮಾನ ನಲವತ್ತು ದಾಟಿಲ್ಲ."

ಆ ನಗುವಿನಲ್ಲೇ ಗುಂಪಿನವರು ಕೂಡಿ ಒಂದು ಏರ್ಪಾಟು ಮಾಡಿದರು. ಬೋರ್ಡ್ ದಿನಕ್ಕೆ ಒಂದೇ ಗಂಟೆ, ಐದರಿಂದ ಆರು, ತೆರೆದಿರಬೇಕು. ಉಳಿದ ಹೊತ್ತು ಮುಚ್ಚಿರಬೇಕು. ಮೊದಲ ದಿನ ಅಕ್ಕ ಮುಚ್ಚಿದ ಬೋರ್ಡನ್ನೇ ಇಪ್ಪತ್ತು ಸಲ ತಟ್ಟಿ ನೋಡಿದರು. ಎರಡನೇ ದಿನ ಹನ್ನೆರಡು. ವಾರ ಕಳೆಯುವಷ್ಟರಲ್ಲಿ ಮಧ್ಯಾಹ್ನದ ಊಟದ ಡಬ್ಬಿ ತಪ್ಪದೆ ಅವರ ಜೊತೆ ಬರತೊಡಗಿತು.

ಯಾರೂ ಸನ್ಯಾಸಿಗಳಾಗಲಿಲ್ಲ. ಬ್ರಷ್ ಈಗಲೂ ಕಾರ್ಪೆಟ್ ನೋಡುತ್ತಾರೆ. ಆದರೆ ತಮ್ಮ ಕಾಲೊರಸನ್ನು ತೊಳೆದು, ಅದು ನೀಲಿ ಬಣ್ಣದ್ದೆಂದು ಕಂಡುಹಿಡಿದರು. ಗುಡುಗು ಜಗಳದ ಉತ್ತರ ಬರೆದ ಮೇಲೆ ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಇಟ್ಟುಕೊಂಡರು. ಆಕೆ ನಗದೆ ಕೇಳಿಸಿಕೊಂಡರೆ ಮಾತ್ರ ಕಳಿಸುವುದು. ಬಹುಪಾಲು ಕಳಿಸುವುದಕ್ಕೇ ಆಗಲಿಲ್ಲವಂತೆ. ಬುಟ್ಟಿ ಟೀಚರು ಶಾಲೆಯಲ್ಲಿ ಇನ್ನೊಬ್ಬರ ಪೀರಿಯಡ್ ತೆಗೆದುಕೊಳ್ಳಲು ಹೇಳಿದಾಗ 'ಆಗಲ್ಲ ಸರ್' ಎಂದರು. ಕೊನೆಯ ಮಂಗಳವಾರ ಅದನ್ನು ವರದಿ ಮಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮೋಡ ಮಾತ್ರ ಇಪ್ಪತ್ತೆರಡು ಊರುಗಳನ್ನು ಬಿಟ್ಟುಕೊಟ್ಟು, ಹದಿನೆಂಟನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. "ಆ ಊರುಗಳ ಮಳೆ ಬಿಸಿಲು ಯಾರಾದ್ರೂ ವಿಚಾರಿಸ್ಕೊಬೇಕಲ್ಲ?"

ಗುಂಪು ಮುಗಿದು ಎರಡು ತಿಂಗಳಾಗಿತ್ತು. ಭಾನುವಾರ ಅಕ್ಕ ಬೇಕರಿಯಲ್ಲಿ ಯಜಮಾನರಿಗೆ ನೆರವಾಗಲು ನಿಂತಿದ್ದಾಗ, ಆಜಾನುಬಾಹು ಗಿರಾಕಿಯೊಬ್ಬರು ಬಂದು ತೆಳು ದನಿಯಲ್ಲಿ, "ಈ ಬನ್ನು ಹೋದ ವಾರಕ್ಕಿಂತ ಚಿಕ್ಕದಾಗಿದೆ" ಎಂದು ತಕರಾರು ತೆಗೆದರು. ದನಿ ಯಾರದೆಂದು ಅಕ್ಕನಿಗೆ ಥಟ್ಟನೆ ತಿಳಿಯಿತು. ಗುಂಪಿನವರನ್ನು ಹೊರಗೆ ಗುರುತಿಸಿ ಮಾತಾಡಿಸುವಂತಿಲ್ಲ. ತಲೆ ತಗ್ಗಿಸಿ ಬನ್ನು ಕಟ್ಟಿದರು. ಬಾಯಿ ಬಿಟ್ಟರೆ ಕೆಟ್ಟಿತೆಂದು ತುಟಿ ಒತ್ತಿ ಹಿಡಿದರು. ಅಷ್ಟರಲ್ಲಿ ಒಳಗಿನಿಂದ ಅತ್ತೆ, "ಯಾರೇ ಅದು? ನಿನ್ನ ಬಾಯಿಗೇನಾಯ್ತು, ಉತ್ತರ ಕೊಡೇ!" ಎಂದು ಕೂಗಿದರು.

"ಒಂದು ಬನ್ನು ಜಾಸ್ತಿ ಹಾಕಿದ್ದೀನಿ," ಎಂದರು ಅಕ್ಕ, ಬೇರೆ ದಾರಿಯಿಲ್ಲದೆ.

ಆ ಮನುಷ್ಯ ಕೈ ಚಾಚಿದವರು ಹಾಗೇ ನಿಂತರು. ಮುಖ ನಿಧಾನವಾಗಿ ಅರಳಿತು. ಅವರಿಗೂ ನಿಯಮ ಗೊತ್ತು. ಪೊಟ್ಟಣ ಎತ್ತಿಕೊಂಡು, "ಇಲ್ಲ ಇಲ್ಲ, ಸರಿಯಾಗೇ ಇದೆ. ನಾನೇ ಸುಮ್ನೆ ಜಗಳ ತೆಗೆದೆ" ಎಂದು ಹೇಳಿ ಹೊರಟರು. ಆಗಿನಿಂದ ಪ್ರತಿ ಭಾನುವಾರ ಬರುತ್ತಾರೆ. ಇಬ್ಬರೂ ಬನ್ನಿನ ವಿಷಯ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಅತ್ತೆಗೆ ಮಾತ್ರ ಇವರಿಬ್ಬರೂ ಯಾಕೆ ಹಾಗೆ ಹಲ್ಲು ಕಿರಿಯುತ್ತಾರೆಂದು ಇನ್ನೂ ಬಗೆಹರಿದಿಲ್ಲ.

ಡಾಕ್ಟರಮ್ಮನ ವರದಿ ಹೊರಬಂತು. ಗುಂಪು ನಡೆಸುವವರಿಗೂ ಚಟ ಹತ್ತಬಹುದು, ಅವರನ್ನೂ ನೋಡಿಕೊಳ್ಳಬೇಕು ಎಂಬ ಒಂದು ಅಧ್ಯಾಯವೇ ಅದರಲ್ಲಿದೆ. ಅದನ್ನು ಓದಿ ಬೇರೆ ಬೇರೆ ಆಸ್ಪತ್ರೆಯವರು ಅಕ್ಕನನ್ನು ಕೇಳಿಕೊಂಡು ಬಂದರು. ಈಗ ಅಕ್ಕ ಗುರುವಾರ ಮಧ್ಯಾಹ್ನ ಗುಂಪು ನಡೆಸಲು ಕಲಿಯುವವರಿಗೆ ತರಬೇತಿ ಕೊಡುತ್ತಾರೆ. ಅವರ ಷರತ್ತು ಒಂದೇ: ನಡೆಸುವ ಮೊದಲು ಎರಡು ಸಲ ಆ ಕಡೆ ಕೂರಬೇಕು, ತಮ್ಮದೇ ಒಂದು ಚಟ ಹೇಳಬೇಕು.

ಮೊನ್ನೆ ಒಬ್ಬ ಪ್ರೊಫೆಸರು ಬಂದಿದ್ದರು. ಕೋಟು, ಟೈ, ಕೈಯಲ್ಲಿ ದಪ್ಪ ಫೈಲು. ಪಕ್ಕದ ಕೋಣೆಯಲ್ಲಿ ಕೂರಿಸಿದರೆ, "ನನಗೆ ಅಂಥ ಚಟವೇನೂ ಇಲ್ಲ" ಎಂದು ಗಂಭೀರವಾಗಿ ಹೇಳಿದರು. ಅಕ್ಕ ಒತ್ತಾಯ ಮಾಡಲಿಲ್ಲ, ಕಾದರು. ಹತ್ತು ನಿಮಿಷ ಕಳೆದ ಮೇಲೆ ಹೆಡ್‌ಫೋನಿನಲ್ಲಿ ಒಂದು ಕೆಮ್ಮು ಕೇಳಿಸಿತು. ತಮ್ಮ ಪಾಠದ ವಿಡಿಯೋವನ್ನು ಎಷ್ಟು ಜನ ನೋಡಿದ್ದಾರೆಂದು ದಿನಕ್ಕೆ ನೂರು ಸಲ ನೋಡುತ್ತಾರಂತೆ. ನೋಡಿದವರು ಒಟ್ಟು ನೂರಾ ಹತ್ತು ಜನ.

"ಅಂದ್ರೆ ಆ ನೂರಾ ಹತ್ತರಲ್ಲಿ ನೂರು ಸಲ ನೀವೇನಾ ಸರ್?" ಎಂದು ಕೇಳಿದರು ಅಕ್ಕ.

ಗೋಡೆಯಾಚೆಯಿಂದ ಪ್ರೊಫೆಸರ ನಗು ಹೆಡ್‌ಫೋನಿಲ್ಲದೆಯೇ ನಮಗೆ ಕೇಳಿಸಿತು. ನಾನು ಟೈಪ್ ಮಾಡುವುದನ್ನು ನಿಲ್ಲಿಸಿ ಅಕ್ಕನನ್ನು ನೋಡಿದೆ. ಅವರು ಆಗಲೇ ಮುಂದಿನವರ ಬಟನ್ ಒತ್ತುತ್ತಿದ್ದರು.